ನೀರು ಕುಡಿದರೂ ಬಾಯಿ ಒಣಗುವುದೇಕೆ? ಲೋ-ಕಾರ್ಬ್ ಪಥ್ಯದವರ ಪ್ರಶ್ನೆಗಳು

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅನ್ನ, ಬ್ರೆಡ್, ಸಕ್ಕರೆ ಬಿಟ್ಟವರು ಬರೆದವು. ತೂಕ ಇಳಿಯುತ್ತಿಲ್ಲ ಎಂದು ದೂರಿದವರು ಕಡಿಮೆ. ತಲೆ ಭಾರ, ಬಾಯಿ ಒಣಗುವುದು, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಎಷ್ಟು ನೀರು ಕುಡಿದರೂ ಸಮಾಧಾನವಾಗದಿರುವುದು ಇವೇ ಹೆಚ್ಚಿನವರ ದೂರು. ನಾನು ಆಸ್ಪತ್ರೆಯ ಮೂತ್ರಪಿಂಡ ವಿಭಾಗದಲ್ಲಿ ಆಹಾರತಜ್ಞೆ. ನೀರು ಮತ್ತು ಉಪ್ಪಿನ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ದಿನವೂ ನೋಡುತ್ತಿರುವವಳು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನಗೆ 41 ವರ್ಷ. ಬಿಪಿ, ಸಕ್ಕರೆ ಕಾಯಿಲೆ ಇಲ್ಲ, ಯಾವ ಮಾತ್ರೆಯನ್ನೂ ನುಂಗುತ್ತಿಲ್ಲ. ದಿನಕ್ಕೆ 30 ಗ್ರಾಂ ಕಾರ್ಬ್ ಮೀರದಂತೆ ತಿನ್ನುತ್ತಿದ್ದೇನೆ. ಎರಡನೆಯ ವಾರ ನಡೆಯುತ್ತಿದೆ. 3 ಕೆ.ಜಿ. ಇಳಿದಿದ್ದೇನೆ. ನೀರು ಚೆನ್ನಾಗಿ ಕುಡಿಯಬೇಕು ಎಂದು ಎಲ್ಲರೂ ಹೇಳಿದ್ದರಿಂದ ದಿನಕ್ಕೆ 4 ಲೀಟರ್ ಕುಡಿಯುತ್ತೇನೆ. ಆದರೂ ಬಾಯಿ ಒಣಗುತ್ತದೆ, ತಲೆ ನೋಯುತ್ತದೆ, ಕುಳಿತಲ್ಲಿಂದ ಎದ್ದರೆ ಕಣ್ಣು ಕತ್ತಲಿಡುತ್ತದೆ. ಬಿಪಿ ಬಂದೀತೆಂದು ಊಟದಲ್ಲಿ ಉಪ್ಪನ್ನೂ ಕಡಿಮೆ ಮಾಡಿದ್ದೇನೆ. ಇನ್ನೂ ಎಷ್ಟು ನೀರು ಕುಡಿಯಲಿ?

ಉತ್ತರ: ಇನ್ನೂ ಹೆಚ್ಚು ಕುಡಿಯಬೇಡಿ. ನೀವು ಬರೆದಿರುವುದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನಿಮಗೆ ಕೊರತೆಯಾಗಿರುವುದು ಉಪ್ಪು.

ಮೊದಲು ಆ 3 ಕೆ.ಜಿ. ಎಲ್ಲಿ ಹೋಯಿತು ಎಂಬುದನ್ನು ನೋಡೋಣ. ತಿಂದ ಕಾರ್ಬೊಹೈಡ್ರೇಟಿನ ಒಂದು ಭಾಗವನ್ನು ದೇಹ ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಯಕೃತ್ತಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ ಇರುತ್ತದೆ. ಇದು ಒಣ ದಾಸ್ತಾನಲ್ಲ. ಒಂದೊಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆಗೆ ಸುಮಾರು 3 ಗ್ರಾಂ ನೀರನ್ನು ಹಿಡಿದಿರುತ್ತದೆ. ಕಾರ್ಬ್ ನಿಂತ ಮೊದಲ ಕೆಲವು ದಿನಗಳಲ್ಲಿ ಈ ದಾಸ್ತಾನಿನ ದೊಡ್ಡ ಪಾಲು ಕರಗುತ್ತದೆ, ಅದರ ನೀರು ಮೂತ್ರವಾಗಿ ಹೊರಗೆ ಬರುತ್ತದೆ. ನಿಮ್ಮ 3 ಕೆ.ಜಿ.ಯಲ್ಲಿ ಕೊಬ್ಬೂ ಇದೆ, ಆದರೆ ಹೆಚ್ಚಿನದು ನೀರು.

ಎರಡನೆಯ ಕಾರಣ ಇದಕ್ಕಿಂತ ಮುಖ್ಯ. ಊಟದಲ್ಲಿ ಕಾರ್ಬ್ ಕಡಿಮೆಯಾದಾಗ ರಕ್ತದಲ್ಲಿ ಇನ್ಸುಲಿನ್ ಮಟ್ಟ ಇಳಿಯುತ್ತದೆ. ಇನ್ಸುಲಿನ್ ಎಂದರೆ ಸಕ್ಕರೆಯ ಹಾರ್ಮೋನು ಎಂದಷ್ಟೇ ನಮಗೆ ಗೊತ್ತು. ಆದರೆ ಉಪ್ಪಿನಲ್ಲಿರುವ ಸೋಡಿಯಂ ಅನ್ನು ಮೂತ್ರದಲ್ಲಿ ಕಳೆಯದೆ ಒಳಗೇ ಉಳಿಸಿಕೊಳ್ಳುವಂತೆ ಮೂತ್ರಪಿಂಡಕ್ಕೆ ಹೇಳುವುದೂ ಅದರ ಕೆಲಸ. ರಾಲ್ಫ್ ಡಿಫ್ರಾಂಜೊ ಮತ್ತು ಅವರ ಸಂಗಡಿಗರು 1975ರಲ್ಲಿ ಇದನ್ನು ಮನುಷ್ಯರಲ್ಲೇ ತೋರಿಸಿದರು: ರಕ್ತದ ಸಕ್ಕರೆಯನ್ನು ಒಂದೇ ಮಟ್ಟದಲ್ಲಿಟ್ಟು ಇನ್ಸುಲಿನ್ ಕೊಟ್ಟಾಗ ಮೂತ್ರದಲ್ಲಿ ಹೋಗುವ ಸೋಡಿಯಂ ಇಳಿಯಿತು. ನಿಮ್ಮಲ್ಲಿ ಈಗ ನಡೆಯುತ್ತಿರುವುದು ಅದರ ತಿರುವುಮುರುವು. ಇನ್ಸುಲಿನ್ ಇಳಿದಿದೆ, ಮೂತ್ರಪಿಂಡ ಸೋಡಿಯಂ ಅನ್ನು ಧಾರಾಳವಾಗಿ ಬಿಟ್ಟುಕೊಡುತ್ತಿದೆ. ಸೋಡಿಯಂ ಹೋದಲ್ಲಿಗೆ ನೀರೂ ಹೋಗುತ್ತದೆ. ಇದರ ಮೇಲೆ, ಕಾರ್ಬ್ ಸಿಗದಾಗ ದೇಹ ಕೊಬ್ಬಿನಿಂದ ಮಾಡಿಕೊಳ್ಳುವ ಕೀಟೋನುಗಳು ಮೂತ್ರದಲ್ಲಿ ಹೊರಬೀಳುವಾಗ ಒಂದಿಷ್ಟು ಸೋಡಿಯಂ ಮತ್ತು ಪೊಟ್ಯಾಷಿಯಂ ಅನ್ನೂ ಜೊತೆಗೆ ಕರೆದೊಯ್ಯುತ್ತವೆ.

ಇಂಥ ಹೊತ್ತಿನಲ್ಲಿ ಊಟದ ಉಪ್ಪನ್ನು ಕಡಿಮೆ ಮಾಡಿ ಬರಿಯ ನೀರನ್ನು 4 ಲೀಟರ್ ಹೊಯ್ದುಕೊಂಡರೆ ಅದನ್ನು ಹಿಡಿದಿಡಲು ರಕ್ತದಲ್ಲಿ ಬೇಕಾದಷ್ಟು ಸೋಡಿಯಂ ಇರುವುದಿಲ್ಲ. ಕುಡಿದದ್ದು ಗಂಟೆಯೊಳಗೆ ಶೌಚಾಲಯಕ್ಕೆ ಹೋಗುತ್ತದೆ. ರಕ್ತನಾಳಗಳಲ್ಲಿ ಹರಿಯುವ ದ್ರವದ ಪ್ರಮಾಣ ಮಾತ್ರ ಕಡಿಮೆಯಾಗಿಯೇ ಉಳಿಯುತ್ತದೆ. ಎದ್ದಾಗ ಕಣ್ಣು ಕತ್ತಲಿಡುವುದು ಅದರಿಂದ. ‘ಕೀಟೊ ಫ್ಲೂ’ ಎಂದು ಜನ ಹೇಳುವ ತಲೆನೋವು, ಸುಸ್ತು, ಮಂಕುತನದ ಬಹುಪಾಲು ಇದೇ. ಅದು ಜ್ವರವೂ ಅಲ್ಲ, ‘ವಿಷ ಹೊರಗೆ ಹೋಗುತ್ತಿರುವುದರ’ ಗುರುತೂ ಅಲ್ಲ. ತಾಳಿಕೊಳ್ಳಬೇಕಾದ ಶಿಕ್ಷೆಯಂತೂ ಖಂಡಿತ ಅಲ್ಲ.

ಮನೆಯಲ್ಲಿ ಬಿಪಿ ನೋಡುವ ಯಂತ್ರವಿದ್ದರೆ ಒಂದು ಪರೀಕ್ಷೆ ಮಾಡಿ. ಐದು ನಿಮಿಷ ಮಲಗಿ, ಮಲಗಿದಲ್ಲೇ ಒಮ್ಮೆ ನೋಡಿ. ಎದ್ದು ನಿಂತು 1 ನಿಮಿಷಕ್ಕೆ ಒಮ್ಮೆ, 3 ನಿಮಿಷಕ್ಕೆ ಇನ್ನೊಮ್ಮೆ ನೋಡಿ. ಪಕ್ಕದಲ್ಲಿ ಯಾರಾದರೂ ಇರಲಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ, ಇಲ್ಲವೇ ಕೆಳಗಿನದು 10 ಅಥವಾ ಹೆಚ್ಚು ಇಳಿದರೆ ನನ್ನ ಊಹೆಗೆ ಬಲ ಬಂತೆಂದು ತಿಳಿಯಿರಿ.

ಇನ್ನು ಮಾಡಬೇಕಾದದ್ದು. ನೀರನ್ನು ಎರಡು, ಎರಡೂವರೆ ಲೀಟರಿಗೆ ಇಳಿಸಿ. ದಿನವಿಡೀ ಹಂಚಿಕೊಂಡು, ಬಾಯಾರಿದಾಗ ಕುಡಿಯಿರಿ. ಊಟದ ಉಪ್ಪನ್ನು ಮೊದಲಿನ ರುಚಿಗೆ ತನ್ನಿ. ಅದರ ಜೊತೆಗೆ ಮೊದಲ ಎರಡು ವಾರ ದಿನಕ್ಕೆ ಎರಡು ಬಟ್ಟಲು ಬಿಸಿ ಸೂಪ್ ಕುಡಿಯಿರಿ. ತರಕಾರಿಯದಾಗಲಿ, ಮಾಂಸದ್ದಾಗಲಿ, ತಿಳಿಯಾಗಿದ್ದರೆ ಸಾಕು. ಎರಡೂ ಬಟ್ಟಲಿಗೆ ಸೇರಿ ಅರ್ಧ ಟೀ ಚಮಚ ಉಪ್ಪು. ಅಷ್ಟರಲ್ಲಿ ಸುಮಾರು 1 ಗ್ರಾಂ ಸೋಡಿಯಂ ಸಿಗುತ್ತದೆ. ಕಾರ್ಬ್ ಅನ್ನು ತೀರಾ ಇಳಿಸುವ ಕೀಟೊ ಪಥ್ಯವನ್ನು ಬಹುಕಾಲ ಅಧ್ಯಯನ ಮಾಡಿರುವ ಸ್ಟೀಫನ್ ಫಿನ್ನಿ ಮತ್ತು ಜೆಫ್ ವೊಲೆಕ್ ಊಟದ್ದೂ ಸೇರಿ ದಿನಕ್ಕೆ 3ರಿಂದ 5 ಗ್ರಾಂ ಸೋಡಿಯಂ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಹೇಳುವ ಮಿತಿ 2 ಗ್ರಾಂ ಸೋಡಿಯಂ, ಅಂದರೆ 5 ಗ್ರಾಂ ಉಪ್ಪು. ಈ ಎರಡರ ನಡುವೆ ನಾನು ಕೆಳಗಿನ ತುದಿಯಿಂದ ಹೊರಡುವವಳು: ಲಕ್ಷಣಗಳು ಹೋಗುವಷ್ಟು ಉಪ್ಪು ಸಾಕು, ಅದರಾಚೆ ಬೇಡ. ಕೆಲವು ವಾರಗಳಲ್ಲಿ ದೇಹ ಹೊಂದಿಕೊಂಡು ಸೋಡಿಯಂ ಸೋರಿಕೆ ಕಡಿಮೆಯಾಗುತ್ತದೆ. ಆಗ ಸೂಪನ್ನೂ ಕಡಿಮೆ ಮಾಡಬಹುದು.

ಚಮಚದ ಬಗ್ಗೆ ಒಂದು ಮಾತು. ನಾನು ಹೇಳುವ ಟೀ ಚಮಚ 5 ಮಿ.ಲೀ. ಅಳತೆಯದು. ನನ್ನ ಬಳಿ ಬರುವವರಿಗೆ ಮನೆಯಲ್ಲಿ ಉಪ್ಪು ಹಾಕುವ ಚಮಚವನ್ನೇ ತರಲು ಹೇಳಿ, ತಕ್ಕಡಿಯ ಮೇಲೆ ಕಾಗದ ಹಾಸಿ, ಅವರಿಂದಲೇ ಉಪ್ಪು ಸುರಿಸಿ ತೂಗಿಸುತ್ತೇನೆ. ‘ಒಂದು ಚಮಚ’ ಎಂದು ಇಬ್ಬರೂ ಹೇಳಿದರೂ ಒಬ್ಬರದು 4 ಗ್ರಾಂ, ಗೋಪುರದಂತೆ ತುಂಬುವ ಇನ್ನೊಬ್ಬರದು 9 ಗ್ರಾಂ ತೂಗುತ್ತದೆ. ಹರಳು ಉಪ್ಪಾದರೆ ಲೆಕ್ಕ ಇನ್ನೂ ಬೇರೆ. ಒಂದು ಸಲವಾದರೂ ತೂಗಿ ನೋಡಿಕೊಳ್ಳಿ. ಉಪ್ಪನ್ನು ತಣ್ಣೀರಿಗೆ ಕಲಸಿ ಒಂದೇ ಗುಟುಕಿಗೆ ಕುಡಿಯುವುದು ಮಾತ್ರ ಬೇಡ, ವಾಂತಿಯಾಗುತ್ತದೆ.

ಕಾರಣ ಉಪ್ಪೇ ಆಗಿದ್ದರೆ ಒಂದೆರಡು ದಿನಗಳಲ್ಲಿ ತಲೆ ಹಗುರಾಗುತ್ತದೆ. ಆಗದಿದ್ದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಿ. ಅತಿಯಾದ ಬಾಯಾರಿಕೆ, ಅತಿಯಾದ ಮೂತ್ರ, ತೂಕ ಇಳಿಕೆ ಈ ಮೂರೂ ಹೊಸದಾಗಿ ಶುರುವಾದ ಮಧುಮೇಹದ ಲಕ್ಷಣಗಳೂ ಹೌದು. ‘ಸಕ್ಕರೆ ಕಾಯಿಲೆ ಇಲ್ಲ’ ಎಂದು ಬರೆದಿದ್ದೀರಿ. ಕೊನೆಯ ಪರೀಕ್ಷೆ ಯಾವಾಗ ಆಯಿತು ಎಂದು ಬರೆದಿಲ್ಲ. ಎಚ್ಚರ ತಪ್ಪಿ ಬಿದ್ದರೆ, ಎದೆ ಬಡಿತ ಲಯ ತಪ್ಪಿದರೆ, ವಾಂತಿ ನಿಲ್ಲದಿದ್ದರೆ ಸೂಪಿನ ಪ್ರಯೋಗ ಬಿಟ್ಟು ನೇರವಾಗಿ ವೈದ್ಯರ ಬಳಿಗೆ ಹೋಗಿ.

ಪ್ರಶ್ನೆ: ನನಗೆ 58. ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ಮೂತ್ರ ಹೆಚ್ಚಿಸುವ ಒಂದು ಮಾತ್ರೆ, ಸಕ್ಕರೆಗೆ ಡಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತೇನೆ. ಮಗಳ ಒತ್ತಾಯಕ್ಕೆ ಮುಂದಿನ ವಾರದಿಂದ ಕಾರ್ಬ್ ಬಿಡಬೇಕೆಂದಿದ್ದೇನೆ. ಬಿಟ್ಟವರು ಉಪ್ಪುನೀರು ಕುಡಿಯಬೇಕಂತೆ. ನನಗೆ ಬಿಪಿ ಇರುವುದರಿಂದ ಮಾಮೂಲು ಉಪ್ಪಿನ ಬದಲು ಕಡಿಮೆ ಸೋಡಿಯಂ ಉಪ್ಪನ್ನು ಕಲಸಿ ಕುಡಿಯಬಹುದೇ?

ಉತ್ತರ: ದಯವಿಟ್ಟು ಬೇಡ. ಮೇಲಿನ ಉತ್ತರ ನಿಮಗೆ ಬರೆದದ್ದಲ್ಲ. ವೈದ್ಯರನ್ನು ಕಾಣದೆ ಮುಂದಿನ ವಾರ ಶುರು ಮಾಡಲೂ ಬೇಡಿ. ಇದನ್ನು ನಿಮ್ಮ ಮಗಳೂ ಓದಲಿ.

ಕಡಿಮೆ ಸೋಡಿಯಂ ಉಪ್ಪು ಎಂದು ಮಾರುವುದರಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಭಾಗವನ್ನು ತೆಗೆದು ಪೊಟ್ಯಾಷಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಟೆಲ್ಮಿಸಾರ್ಟನ್, ಲೋಸಾರ್ಟನ್, ಎನಲಾಪ್ರಿಲ್, ರಾಮಿಪ್ರಿಲ್ ಇಂಥ ಮಾತ್ರೆಗಳು ಪೊಟ್ಯಾಷಿಯಂ ಅನ್ನು ದೇಹದಲ್ಲೇ ಉಳಿಸುವ ಗುಣದವು. ಮೂತ್ರಪಿಂಡ ಸ್ವಲ್ಪ ದುರ್ಬಲವಾಗಿದ್ದರಂತೂ ಪೊಟ್ಯಾಷಿಯಂ ಏರಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಅದು ಮುನ್ಸೂಚನೆ ಕೊಟ್ಟು ಬರುವುದಿಲ್ಲ. ನನ್ನ ವಿಭಾಗದಲ್ಲಿ ರಕ್ತದ ವರದಿಯಲ್ಲಿ ಪೊಟ್ಯಾಷಿಯಂ 6 ದಾಟಿದ್ದು ಕಂಡರೆ ಎಲ್ಲರೂ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಾರೆ. ‘ಆರೋಗ್ಯಕರ’ ಎಂದು ಬರೆದ ಪೊಟ್ಟಣವಾದರೂ ಹಿಂಬದಿಯ ಸಣ್ಣ ಅಕ್ಷರ ಓದದೆ ಕೊಳ್ಳಬೇಡಿ.

ಬಿಪಿ ಮತ್ತು ಮೂತ್ರದ ಮಾತ್ರೆಗಳ ಸಂಗತಿ ಬೇರೆ. ಕಾರ್ಬ್ ಬಿಟ್ಟ ಮೊದಲ ದಿನಗಳಲ್ಲಿ ದೇಹ ತಾನಾಗಿಯೇ ಸೋಡಿಯಂ ಮತ್ತು ನೀರನ್ನು ಕಳೆಯುತ್ತದೆ ಎಂದೆನಲ್ಲ, ನಿಮ್ಮ ಮಾತ್ರೆ ಮಾಡುವುದೂ ಅದನ್ನೇ. ಎರಡೂ ಕೂಡಿದಾಗ ಬಿಪಿ ಅಗತ್ಯಕ್ಕಿಂತ ಕೆಳಗೆ ಬೀಳಬಹುದು. ಆಗ ಮಾಡಬೇಕಾದದ್ದು ವೈದ್ಯರು ಮಾತ್ರೆಯ ಪ್ರಮಾಣ ಇಳಿಸುವುದು. ಮಾತ್ರೆಯನ್ನು ಅಷ್ಟೇ ಇಟ್ಟುಕೊಂಡು ಮೇಲೆ ಉಪ್ಪು ತಿನ್ನುವುದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ.

ನನಗೆ ಎಲ್ಲಕ್ಕಿಂತ ಆತಂಕ ಡಪಾಗ್ಲಿಫ್ಲೋಜಿನ್ ಬಗ್ಗೆ. ಎಂಪಾಗ್ಲಿಫ್ಲೋಜಿನ್, ಕೆನಾಗ್ಲಿಫ್ಲೋಜಿನ್ ಕೂಡ ಇದೇ ಗುಂಪಿನವು. ಇವು ಸಕ್ಕರೆಯನ್ನು ಮೂತ್ರದ ಮೂಲಕ ಹೊರಗೆ ಕಳಿಸುವ ಮಾತ್ರೆಗಳು; ಸಕ್ಕರೆಯ ಜೊತೆ ನೀರೂ ಹೋಗುತ್ತದೆ. ಇದರ ಮೇಲೆ ಕಾರ್ಬ್ ಬಹಳ ಕಡಿಮೆಯಾದರೆ, ರಕ್ತದ ಸಕ್ಕರೆ ಹೆಚ್ಚೇನೂ ಏರದೆಯೇ ಕೀಟೋನುಗಳು ವಿಪರೀತವಾಗಿ, ರಕ್ತ ಆಮ್ಲೀಯವಾಗುವ ಕೀಟೊಅಸಿಡೋಸಿಸ್ ಎಂಬ ಸ್ಥಿತಿ ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲೇ ಈ ಗುಂಪಿನ ಮಾತ್ರೆಗಳ ಬಗ್ಗೆ ಈ ಎಚ್ಚರಿಕೆ ಕೊಟ್ಟಿದೆ. ವಾಕರಿಕೆ, ಹೊಟ್ಟೆನೋವು, ಏದುಸಿರು, ತೀರಾ ಸುಸ್ತು ಅದರ ಲಕ್ಷಣಗಳು. ಗ್ಲುಕೋಮೀಟರಿನಲ್ಲಿ 180 ತೋರಿಸುತ್ತಿದೆ, ತೊಂದರೆಯಿಲ್ಲ ಎಂದು ಮನೆಯವರು ಸುಮ್ಮನಿರುವ ಅಪಾಯವಿದೆ. ಇಂಥ ಮಾತ್ರೆಯಲ್ಲಿರುವವರು ಕೀಟೊ ಶುರು ಮಾಡುವ ಮೊದಲೇ ವೈದ್ಯರು ಅದನ್ನು ಬದಲಿಸಬೇಕೇ ಎಂದು ತೀರ್ಮಾನಿಸಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೂ ಇದೇ ಮಾತು, ಕಾರಣ ಮಾತ್ರ ಬೇರೆ: ಅವರಿಗೆ ಸಕ್ಕರೆ ಕುಸಿಯುವ ಭಯ.

ಇದೇ ಸಂದರ್ಭದಲ್ಲಿ ಇನ್ನೊಬ್ಬ ಓದುಗರಿಗೂ ಹೇಳಿಬಿಡುತ್ತೇನೆ. ಮನೋವೈದ್ಯರು ಕೊಟ್ಟ ಲಿಥಿಯಂ ತೆಗೆದುಕೊಳ್ಳುತ್ತಾ ಕೀಟೊ ಮಾಡಬಹುದೇ ಎಂದು ಅವರು ಕೇಳಿದ್ದಾರೆ. ದೇಹದಲ್ಲಿ ಸೋಡಿಯಂ ಮತ್ತು ನೀರು ಕಡಿಮೆಯಾದರೆ ಮೂತ್ರಪಿಂಡ ಲಿಥಿಯಂ ಅನ್ನು ಹೆಚ್ಚು ಉಳಿಸಿಕೊಳ್ಳುತ್ತದೆ, ರಕ್ತದಲ್ಲಿ ಅದು ವಿಷದ ಮಟ್ಟಕ್ಕೆ ಏರಬಹುದು. ನಿಮ್ಮ ಮನೋವೈದ್ಯರಿಗೆ ತಿಳಿಸದೆ ಊಟದಲ್ಲಿ ಇಂಥ ದೊಡ್ಡ ಬದಲಾವಣೆ ಮಾಡಬೇಡಿ.

ಪ್ರಶ್ನೆ: ದಿನಕ್ಕೆ ಎಂಟು ಲೋಟ ನೀರು ಎಂಬುದು ಲೋ-ಕಾರ್ಬ್‌ನವರಿಗೂ ಅನ್ವಯಿಸುತ್ತದೆಯೇ, ಅಥವಾ ಹತ್ತು ಹನ್ನೆರಡು ಬೇಕೇ?

ಉತ್ತರ: ಎಂಟು ಲೋಟದ ನಿಯಮಕ್ಕೆ ಗಟ್ಟಿ ಆಧಾರವೇ ಇಲ್ಲ. 1945ರಲ್ಲಿ ಅಮೆರಿಕದ ಆಹಾರ ಮತ್ತು ಪೋಷಣೆ ಮಂಡಳಿ ದೊಡ್ಡವರಿಗೆ ದಿನಕ್ಕೆ ಎರಡೂವರೆ ಲೀಟರ್ ನೀರು ಬೇಕೆಂದು ಹೇಳಿ, ಅದರ ಬಹುಪಾಲು ತಿನ್ನುವ ಆಹಾರದಲ್ಲೇ ಇರುತ್ತದೆ ಎಂದು ಮುಂದಿನ ವಾಕ್ಯದಲ್ಲೇ ಬರೆದಿತ್ತು. ಮೊದಲ ವಾಕ್ಯ ಜನರ ಬಾಯಲ್ಲಿ ಉಳಿಯಿತು, ಎರಡನೆಯದು ಬಿಟ್ಟುಹೋಯಿತು. ಎಂಟು ಲೋಟದ ಮಾತು ಹುಟ್ಟಿದ್ದು ಇಲ್ಲಿಂದಲೇ ಇರಬೇಕೆಂದು ಹಲವರು ನಂಬುತ್ತಾರೆ. ಹೈಂಜ್ ವಾಲ್ಟಿನ್ ಎಂಬ ಮೂತ್ರಪಿಂಡ ಶಾಸ್ತ್ರಜ್ಞರು 2002ರಲ್ಲಿ ಇದರ ಬೆನ್ನು ಹತ್ತಿ ಹುಡುಕಿದಾಗ ಆರೋಗ್ಯವಂತರಿಗೆ ಎಂಟು ಲೋಟವೇ ಬೇಕೆನ್ನುವ ವೈಜ್ಞಾನಿಕ ಪುರಾವೆ ಸಿಗಲಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಕೊಟ್ಟ ಅಂಕಿ ಹೆಂಗಸರಿಗೆ 2 ಲೀಟರ್, ಗಂಡಸರಿಗೆ 2.5 ಲೀಟರ್. ಇದರಲ್ಲಿ ಊಟದ ನೀರೂ ಸೇರಿದೆ.

ಊಟದ ನೀರು ಎಂದೆನಲ್ಲ, ಲೋ-ಕಾರ್ಬ್‌ನವರು ಗಮನಿಸಬೇಕಾದದ್ದು ಅದನ್ನೇ. ಬೆಂದ ಅನ್ನದಲ್ಲಿ ಸುಮಾರು 70 ಭಾಗ ನೀರು. ದಿನಕ್ಕೆ 400 ಗ್ರಾಂ ಅನ್ನ ಉಣ್ಣುತ್ತಿದ್ದವರು ಅದರಿಂದಲೇ ಒಂದು ಲೋಟಕ್ಕಿಂತ ಹೆಚ್ಚು ನೀರು ಪಡೆಯುತ್ತಿದ್ದರು. ಹಣ್ಣುಗಳಲ್ಲಿ 80ರಿಂದ 90 ಭಾಗ ನೀರು. ಇವನ್ನು ಬಿಟ್ಟು ಬಾದಾಮಿ, ಚೀಸ್ ಹಿಡಿದರೆ ಏನಾಗುತ್ತದೆ ನೋಡಿ: ಬಾದಾಮಿಯಲ್ಲಿ ನೀರು 5 ಭಾಗದಷ್ಟು, ಗಟ್ಟಿ ಚೀಸ್‌ನಲ್ಲಿ 40 ಭಾಗದೊಳಗೆ. ಕುಡಿಯುವ ನೀರು ಅಷ್ಟೇ ಇದ್ದರೂ ಒಟ್ಟು ನೀರು ಇಳಿದುಹೋಯಿತು. ಪ್ರೋಟೀನ್ ಹೆಚ್ಚಾದರೆ ಅದರಿಂದ ಹುಟ್ಟುವ ಯೂರಿಯಾವನ್ನು ಹೊರಹಾಕಲೂ ನೀರು ಬೇಕು. ಇದಕ್ಕೆ ಲೋಟ ಎಣಿಸುವುದಕ್ಕಿಂತ ತಟ್ಟೆಯನ್ನು ಬದಲಿಸುವುದು ಒಳ್ಳೆಯದು. ಸೌತೆಕಾಯಿ, ಟೊಮೆಟೊ, ಅಣಬೆ, ಪಾಲಕ್ ಇವೆಲ್ಲವುಗಳಲ್ಲಿ 90 ಭಾಗಕ್ಕೂ ಹೆಚ್ಚು ನೀರು, ಕಾರ್ಬ್ ಅತ್ಯಲ್ಪ. ಪಾಲಕ್ ಮತ್ತು ಅಣಬೆಯಲ್ಲಿ ಪೊಟ್ಯಾಷಿಯಂ ಕೂಡ ಚೆನ್ನಾಗಿದೆ. ಬೇಯಿಸಿದ ನೀರನ್ನು ಚೆಲ್ಲಿದರೆ ಅದರ ಒಂದು ಪಾಲು ಚರಂಡಿಗೆ ಹೋಗುತ್ತದೆ, ಆ ನೀರನ್ನೇ ಸೂಪಿಗೆ ಬಳಸಿ.

ಎಷ್ಟು ಸಾಕು ಎಂದು ತಿಳಿಯಲು ಮೂತ್ರದ ಬಣ್ಣ ನೋಡಿ. ತಿಳಿ ಹಳದಿ ಇದ್ದರೆ ಸರಿ. ಗಾಢವಾಗಿದ್ದರೆ ಇನ್ನಷ್ಟು ಕುಡಿಯಿರಿ. ದಿನವಿಡೀ ನೀರಿನಂತೆ ಬಣ್ಣವೇ ಇಲ್ಲದಿದ್ದರೆ ಅತಿಯಾಗಿ ಕುಡಿಯುತ್ತಿದ್ದೀರಿ. ಬೆಳಗಿನ ಮೊದಲ ಮೂತ್ರವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಬಿ-ಕಾಂಪ್ಲೆಕ್ಸ್ ಮಾತ್ರೆ ನುಂಗುವವರಿಗೆ ಈ ಅಳತೆ ಉಪಯೋಗಕ್ಕೆ ಬಾರದು. ಅದರಲ್ಲಿರುವ ರೈಬೋಫ್ಲೇವಿನ್ ಮೂತ್ರವನ್ನು ಢಾಳು ಹಳದಿ ಮಾಡುತ್ತದೆ. ವಯಸ್ಸಾದವರಿಗೆ ಬಾಯಾರಿಕೆಯ ಅರಿವು ಕುಂದುತ್ತದೆ, ಅವರಿಗೆ ಮನೆಯವರು ಹೊತ್ತುಹೊತ್ತಿಗೆ ನೆನಪಿಸಿ ಕೊಡಬೇಕು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ನೀರಿನ ಮಿತಿ ಹಾಕಿಸಿಕೊಂಡವರು ವೈದ್ಯರು ಹೇಳಿದ ಅಳತೆಯನ್ನೇ ಪಾಲಿಸಬೇಕು.

ಪ್ರಶ್ನೆ: ಕಾಫಿ, ಚಹಾ ನೀರನ್ನು ಹೊರಗೆಳೆಯುತ್ತವೆಯೇ? ಒಂದು ಲೋಟ ಕಾಫಿಗೆ ಒಂದು ಲೋಟ ನೀರು ಹೆಚ್ಚುವರಿ ಕುಡಿಯಬೇಕೇ?

ಉತ್ತರ: ಬೇಡ. ಅಭ್ಯಾಸವಿದ್ದವರು ಮಿತವಾಗಿ ಕುಡಿಯುವ ಕಾಫಿ ನೀರಿನ ಲೆಕ್ಕಕ್ಕೇ ಸೇರುತ್ತದೆ. ಬರ್ಮಿಂಗ್‌ಹ್ಯಾಂ ವಿಶ್ವವಿದ್ಯಾಲಯದವರು ಕಾಫಿ ಕುಡಿಯುವ ಅಭ್ಯಾಸವಿದ್ದ ಗಂಡಸರಿಗೆ ಕೆಲವು ದಿನ ಕಾಫಿ, ಕೆಲವು ದಿನ ನೀರು ಕೊಟ್ಟು ಹೋಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೇಹದ ನೀರಿನ ಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಸಂಜೆಯ ಕಾಫಿಯಿಂದ ನಿದ್ದೆ ಕೆಡುವುದಾದರೆ ಅದಕ್ಕಾಗಿ ಬಿಡಿ.

ಪ್ರಶ್ನೆ: ನಾನು ಓಟಗಾರ್ತಿ, 27 ವರ್ಷ. ಲೋ-ಕಾರ್ಬ್‌ಗೆ ಬಂದ ಮೇಲೆ ಕ್ರೀಡಾ ಪಾನೀಯ ಬಿಟ್ಟು, ಓಡುವಾಗ ಹದಿನೈದು ನಿಮಿಷಕ್ಕೊಮ್ಮೆ ಬರಿಯ ನೀರು ಕುಡಿಯುತ್ತಿದ್ದೇನೆ. ಉದ್ದ ಓಟದ ಕೊನೆಗೆ ಹೊಟ್ಟೆ ತೊಳಸುತ್ತದೆ, ಕೈಬೆರಳು ಊದಿ ಉಂಗುರ ಬಿಗಿಯಾಗುತ್ತದೆ.

ಉತ್ತರ: ಉಂಗುರ ಬಿಗಿಯಾದದ್ದನ್ನು ಗಮನಿಸಿ ಬರೆದದ್ದು ಬಹಳ ಒಳ್ಳೆಯದಾಯಿತು. ಓಡುವಾಗ ಬೆರಳು ಸ್ವಲ್ಪ ಊದುವುದು ಹಲವರಲ್ಲಿ ಉಂಟು. ಆದರೆ ಅದರ ಜೊತೆ ಹೊಟ್ಟೆ ತೊಳಸುವಿಕೆ ಮತ್ತು ಇಷ್ಟೊಂದು ನೀರು ಸೇರಿದಾಗ ರಕ್ತದ ಸೋಡಿಯಂ ತೆಳುವಾಗುತ್ತಿದೆಯೇ ಎಂದು ಅನುಮಾನಿಸಲೇಬೇಕು. ಸೋಡಿಯಂ 135ರಿಂದ 145ರೊಳಗೆ ಇರಬೇಕು. ಬಾಸ್ಟನ್ ಮ್ಯಾರಥಾನಿನಲ್ಲಿ 2002ರಲ್ಲಿ ಓಟ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ನೂರಕ್ಕೆ 13 ಮಂದಿಯಲ್ಲಿ ಅದು 135 ಅಥವಾ ಅದಕ್ಕಿಂತ ಕೆಳಗಿತ್ತು. ಓಟದಲ್ಲಿ ತೂಕ ಏರಿಸಿಕೊಂಡವರಿಗೆ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಿಗೆ, ಈ ಅಪಾಯ ಹೆಚ್ಚಿತ್ತು. ತೀವ್ರವಾದರೆ ಮಿದುಳು ಊದಿ ಫಿಟ್ಸ್ ಬರುತ್ತದೆ, ಪ್ರಾಣವೂ ಹೋಗಬಹುದು.

ಓಟಕ್ಕೆ ಮೊದಲು ಮತ್ತು ನಂತರ, ಬೆವರು ಒರೆಸಿಕೊಂಡು, ತೂಕ ನೋಡಿ. ತೂಕ ಏರಿದ್ದರೆ ಕುಡಿದದ್ದು ಹೆಚ್ಚಾಯಿತು. ಅದು ಎಂದೂ ಆಗಬಾರದು. ಗಡಿಯಾರ ನೋಡಿ ಕುಡಿಯುವುದನ್ನು ಬಿಟ್ಟು ಬಾಯಾರಿದಾಗ ಕುಡಿಯಿರಿ. ಒಂದು ಲೀಟರ್ ಬೆವರಿನಲ್ಲಿ ಸುಮಾರು 1 ಗ್ರಾಂ ಸೋಡಿಯಂ ಹೋಗುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ. ಒಣಗಿದ ಕಪ್ಪು ಬಟ್ಟೆಯ ಮೇಲೆ ಬಿಳಿ ಗೆರೆ ಮೂಡುತ್ತಿದ್ದರೆ ನಿಮ್ಮದು ಉಪ್ಪು ಹೆಚ್ಚಿರುವ ಬೆವರು. ಉದ್ದ ಓಟಕ್ಕೆ ಅರ್ಧ ಗಂಟೆ ಮೊದಲು ಒಂದು ಬಟ್ಟಲು ಉಪ್ಪು ಹಾಕಿದ ಸೂಪ್ ಕುಡಿದು ನೋಡಿ. ಕ್ರೀಡಾ ಪಾನೀಯ ಬಿಟ್ಟಿದ್ದರಿಂದ ದೊಡ್ಡ ನಷ್ಟವಾಗಿಲ್ಲ. ಅಂಥವುಗಳಲ್ಲಿ ಸಾಮಾನ್ಯವಾಗಿ ಲೀಟರಿಗೆ 60 ಗ್ರಾಂ ಹತ್ತಿರ ಸಕ್ಕರೆಯೂ ಅರ್ಧ ಗ್ರಾಮಿನಷ್ಟು ಸೋಡಿಯಮ್ಮೂ ಇರುತ್ತದೆ, ಬೆವರಿಗೆ ಹೋಲಿಸಿದರೆ ಅದೂ ತೆಳುವೇ. ಆದ್ದರಿಂದ ಅದನ್ನೂ ಮಿತಿಮೀರಿ ಕುಡಿಯುವಂತಿಲ್ಲ. ಓಟದ ನಂತರ ತಲೆನೋವು ಏರುತ್ತಾ ಹೋದರೆ, ಮಾತು ತೊದಲಿದರೆ, ಗೊಂದಲವಾದರೆ ಜೊತೆಯವರು ನೀರು ಕುಡಿಸಲು ಹೋಗದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಇದನ್ನು ನಿಮ್ಮ ಓಟದ ಗೆಳತಿಯರಿಗೂ ಹೇಳಿಡಿ.

ಪ್ರಶ್ನೆ: ಹಿಂದೆ ಮೂತ್ರಪಿಂಡದಲ್ಲಿ ಕಲ್ಲಾಗಿತ್ತು. ಕೀಟೊ ಮಾಡಿದರೆ ಮತ್ತೆ ಬರುತ್ತದೆಯೇ? ನೀರು ಹೆಚ್ಚು ಕುಡಿದರೆ ತಪ್ಪಿಸಬಹುದೇ?

ಉತ್ತರ: ಬರುವ ಸಾಧ್ಯತೆ ಹೆಚ್ಚುತ್ತದೆ. ಕೀಟೊ ಪಥ್ಯ ಹುಟ್ಟಿದ್ದು ತೂಕ ಇಳಿಸಲು ಅಲ್ಲ. 1921ರಲ್ಲಿ ಮೇಯೊ ಕ್ಲಿನಿಕ್‌ನ ರಸೆಲ್ ವೈಲ್ಡರ್ ಅದನ್ನು ಅಪಸ್ಮಾರಕ್ಕೆ ಚಿಕಿತ್ಸೆಯಾಗಿ ಸೂಚಿಸಿದರು, ಮುಖ್ಯವಾಗಿ ಮಕ್ಕಳಿಗೆ ಬಳಕೆಗೆ ಬಂತು. ಬಹುಕಾಲ ಆ ಮಕ್ಕಳಿಗೆ ಕುಡಿಯುವ ನೀರನ್ನೂ ಮಿತಿಗೊಳಿಸುತ್ತಿದ್ದರು. ಅದರಿಂದ ಫಿಟ್ಸ್ ಕಡಿಮೆಯಾಗುವುದಕ್ಕೆ ಪುರಾವೆ ಸಿಗಲಿಲ್ಲ, ಹಲವು ಮಕ್ಕಳಲ್ಲಿ ಕಲ್ಲು ಕಾಣಿಸಿಕೊಂಡಿತು. ಈಗ ಆ ಮಿತಿಯನ್ನು ಕೈಬಿಟ್ಟಿದ್ದಾರೆ. ನೀರು ಧಾರಾಳವಾಗಿ ಕೊಡುತ್ತಾರೆ, ಪೊಟ್ಯಾಷಿಯಂ ಸಿಟ್ರೇಟ್ ಕೊಡುವ ಪದ್ಧತಿಯೂ ಇದೆ. ಈ ಪಥ್ಯದಲ್ಲಿ ಮೂತ್ರ ಹೆಚ್ಚು ಆಮ್ಲೀಯವಾಗುತ್ತದೆ, ಕಲ್ಲು ಕಟ್ಟದಂತೆ ತಡೆಯುವ ಸಿಟ್ರೇಟ್ ಇಳಿಯುತ್ತದೆ.

ನಿಮ್ಮ ವಿಷಯದಲ್ಲಿ ಬಣ್ಣ ನೋಡಿ ಕುಡಿದರೆ ಸಾಲದು. ಒಮ್ಮೆ ಕಲ್ಲಾದವರಿಗೆ ದಿನಕ್ಕೆ ಕನಿಷ್ಠ ಎರಡೂವರೆ ಲೀಟರ್ ಮೂತ್ರ ಬರುವಷ್ಟು ನೀರು ಬೇಕು. ಕುಡಿದದ್ದಲ್ಲ, ಹೊರಬಂದದ್ದು ಎರಡೂವರೆ ಲೀಟರ್. ರಜೆಯ ದಿನ ಅಳತೆಯ ಗೆರೆಯಿರುವ ಪಾತ್ರೆಯೊಂದನ್ನು ಶೌಚಾಲಯದಲ್ಲಿಟ್ಟು 24 ಗಂಟೆಯ ಮೂತ್ರವನ್ನು ಅಳೆದು ಬರೆದಿಡಿ. ಸಂಕೋಚ ಬೇಡ; ನನ್ನ ರೋಗಿಗಳೆಲ್ಲ ಮಾಡುತ್ತಾರೆ, ತಮ್ಮ ಅಂದಾಜಿಗಿಂತ ಅದು ಎಷ್ಟು ಕಡಿಮೆಯಿದೆ ಎಂದು ಹೆಚ್ಚಿನವರು ಆಶ್ಚರ್ಯಪಡುತ್ತಾರೆ. ಮಲಗುವ ಮುನ್ನ ಒಂದು ಲೋಟ ಕುಡಿಯಿರಿ, ರಾತ್ರಿ ಮೂತ್ರ ಗಟ್ಟಿಯಾಗುವ ಹೊತ್ತು. ನಿಂಬೆರಸ ಹಿಂಡಿದರೆ ಒಳ್ಳೆಯದು, ಅದರಲ್ಲಿ ಸಿಟ್ರೇಟ್ ಇದೆ. ಉಪ್ಪಿನ ಸೂಪ್ ಮಾತ್ರ ನಿಮಗೆ ಬೇಡ. ಸೋಡಿಯಂ ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚುತ್ತದೆ. ಆಗ ಆದದ್ದು ಯಾವ ಬಗೆಯ ಕಲ್ಲು ಎಂಬ ವರದಿ ಇದ್ದರೆ ಹುಡುಕಿ ತೆಗೆಯಿರಿ. ಯೂರಿಕ್ ಆಮ್ಲದ ಕಲ್ಲಾಗಿದ್ದರೆ ಕೀಟೊ ಬದಲು ಕಾರ್ಬ್ ಅನ್ನು ಸಾಧಾರಣವಾಗಿ ಇಳಿಸುವ ದಾರಿಯೇ ನಿಮಗೆ ಸರಿ ಎಂದು ನನ್ನ ಅಭಿಪ್ರಾಯ.

ಪ್ರಶ್ನೆ: ಒಂದು ದಿನ ಮದುವೆ ಊಟ ಮಾಡಿದ್ದಕ್ಕೆ ಮರುದಿನ 1.5 ಕೆ.ಜಿ. ಏರಿದೆ. ಎರಡು ವಾರದ ಶ್ರಮ ಹಾಳಾಯಿತೇ?

ಉತ್ತರ: ಇಲ್ಲ. ಗ್ಲೈಕೋಜನ್ ಮತ್ತೆ ತುಂಬಿಕೊಂಡಿತು, ಅದರ ನೀರೂ ಮರಳಿ ಬಂತು. ಒಂದು ಊಟದಲ್ಲಿ ಅಷ್ಟು ಕೊಬ್ಬು ಕೂಡಲು ಸಾಧ್ಯವೇ ಇಲ್ಲ. ತೂಕ ಇಳಿಸಲೆಂದು ನೀರು ಬಿಟ್ಟು ಕೂರಬೇಡಿ.

ಪ್ರಶ್ನೆ: ನನ್ನ ಅಕ್ಕನಿಗೆ ನಿನ್ನೆಯಿಂದ ಭೇದಿ. ಓಆರ್‌ಎಸ್ ಕೊಟ್ಟರೆ ‘ಅದರಲ್ಲಿ ಸಕ್ಕರೆ ಇದೆ, ನನ್ನ ಕೀಟೊ ಕೆಡುತ್ತದೆ’ ಎಂದು ಬರಿಯ ನೀರು ಕುಡಿಯುತ್ತಿದ್ದಾಳೆ. ಸಕ್ಕರೆಯಿಲ್ಲದ ಎಲೆಕ್ಟ್ರೋಲೈಟ್ ಪುಡಿ ಸಾಕೇ?

ಉತ್ತರ: ಸಾಲದು. ಈ ಪತ್ರಕ್ಕೆ ಫೋನಿನಲ್ಲೇ ಉತ್ತರ ಕೊಟ್ಟೆ, ಅಕ್ಕ ಈಗ ಚೇತರಿಸಿಕೊಂಡಿದ್ದಾರೆ. ಬೇರೆಯವರಿಗೂ ತಿಳಿಯಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಓಆರ್‌ಎಸ್‌ನಲ್ಲಿ ಗ್ಲುಕೋಸ್ ಇರುವುದು ರುಚಿಗಲ್ಲ. ಸಣ್ಣ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲುಕೋಸ್ ಎರಡೂ ಒಟ್ಟಿಗೆ ಬಂದರೆ ಮಾತ್ರ ಒಳಗೆ ಬಿಡುವ ವಾಹಕಗಳಿವೆ. ಇದನ್ನು 1960ರಲ್ಲಿ ಮೊದಲು ಮುಂದಿಟ್ಟವರು ರಾಬರ್ಟ್ ಕ್ರೇನ್. ಭೇದಿಯಲ್ಲೂ ಈ ದಾರಿ ಕೆಲಸ ಮಾಡುತ್ತಲೇ ಇರುತ್ತದೆ. ಗ್ಲುಕೋಸ್ ಜೊತೆಯಲ್ಲಿದ್ದರೆ ಸೋಡಿಯಂ ಒಳಗೆ ಹೋಗುತ್ತದೆ, ಅದರ ಬೆನ್ನಿಗೆ ನೀರೂ ಹೋಗುತ್ತದೆ. ಗ್ಲುಕೋಸ್ ತೆಗೆದರೆ ಆ ಬಾಗಿಲೇ ಮುಚ್ಚಿದಂತೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಲೀಟರಿಗೆ 13.5 ಗ್ರಾಂ ಗ್ಲುಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಷಿಯಂ ಕ್ಲೋರೈಡ್ ಮತ್ತು 2.9 ಗ್ರಾಂ ಸಿಟ್ರೇಟ್ ಇದೆ. ಕಾರ್ಬ್ ಲೆಕ್ಕ ಹಾಕುವವರಿಗೂ 13.5 ಗ್ರಾಂ ಹೆದರುವಂಥದ್ದಲ್ಲ, ಹೆದರುವಂಥದ್ದಾಗಿದ್ದರೂ ಕುಡಿಯಲೇಬೇಕು. ಈ ಪಥ್ಯದವರ ದೇಹದಲ್ಲಿ ಸೋಡಿಯಂ ಮೊದಲೇ ಕಡಿಮೆ ಇರುವುದರಿಂದ ಭೇದಿ ಅವರನ್ನು ಬೇಗ ಮಲಗಿಸುತ್ತದೆ.

ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪೊಟ್ಟಣವನ್ನು ಹಾಕಬೇಕು. ಅರ್ಧ ಪೊಟ್ಟಣ, ಎರಡು ಲೋಟ ಎಂಬ ಅಂದಾಜು ಬೇಡ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಅಂಚಿಗೆ ಸಮನಾಗಿ ತುಂಬಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ವಾಂತಿಯಿದ್ದರೆ ಗುಟುಕು ಗುಟುಕಾಗಿ ಕುಡಿಸಿ. ಮಧುಮೇಹಿಗಳೂ ಕುಡಿಯಬೇಕು, ಸಕ್ಕರೆ ನೋಡಿಕೊಳ್ಳುತ್ತಿರಬೇಕು. ಡಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ, ಮೆಟ್‌ಫಾರ್ಮಿನ್, ಮೂತ್ರದ ಮಾತ್ರೆ ಇವನ್ನು ಆ ದಿನಗಳಲ್ಲಿ ತಡೆಹಿಡಿಯಬೇಕೇ ಎಂದು ಅಂದೇ ವೈದ್ಯರಿಗೆ ಫೋನ್ ಮಾಡಿ ಕೇಳಬೇಕು. ಆರೆಂಟು ಗಂಟೆ ಮೂತ್ರ ಬಾರದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದದ್ದೆಲ್ಲ ವಾಂತಿಯಾದರೆ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿಕೊಳ್ಳಬೇಕಾಗುತ್ತದೆ. ಭೇದಿ ನಿಂತು ಎರಡು ದಿನ ಹಸಿವು ಮೊದಲಿನಂತಾದ ಮೇಲೆ ಅಕ್ಕ ತಮ್ಮ ಪಥ್ಯವನ್ನು ಮತ್ತೆ ಹಿಡಿಯಲಿ, ಅಲ್ಲಿಯವರೆಗೆ ಹಿಡಿಸುವ ಮೃದುವಾದ ಊಟ ಮಾಡಲಿ.